ಒಂಟಿ ಪೈರಿನ ನಾಟಿ



ಕಳೆದ ತಿಂಗಳು ಭಾನುವಾರದ ಪೂಜೆಯ ನಂತರ ಹಿರಿಯರೊಬ್ಬರು ನಮ್ಮನ್ನು ತಡೆದು ಕೇಳಿದರು: "ಸ್ವಾಮಿ, ಹೊರಗಿನಿಂದ ಬಂದವರು ನಮಗೆ ಬೇಸಾಯ ಹೇಳಿಕೊಡ್ತಾರೆ. ಅವರ ಮಾತು ಕೇಳಿ ಬೆಳೆ ಹೋದರೆ ಯಾರು ಕಟ್ಟಿಕೊಡ್ತಾರೆ?" ಪ್ರಶ್ನೆ ನ್ಯಾಯವಾದದ್ದೇ. ಎರಡು ಎಕರೆಯ ರೈತನಿಗೆ ಒಂದು ಬೆಳೆ ಹೋಯಿತೆಂದರೆ ವರ್ಷದ ಊಟವೇ ಹೋದಂತೆ.

ತಜ್ಞರು ಸಂಬಳವಿಲ್ಲದೆ ಪರದೇಶಗಳಿಗೆ ಹೋಗಿ ಸಣ್ಣ ರೈತರಿಗೆ ನೆರವಾಗುವುದು ಹೊಸದೇನಲ್ಲ. ನೆದರ್ಲೆಂಡ್ಸಿನ 'ಪುಮ್' ಸಂಸ್ಥೆ ಈ ಕೆಲಸವನ್ನು 1978ರಲ್ಲಿ ಆರಂಭಿಸಿತು. ಅಮೆರಿಕದಲ್ಲಿ 1985ರ ಕೃಷಿ ಕಾಯ್ದೆಯಡಿ 'ರೈತನಿಂದ ರೈತನಿಗೆ' ಎಂಬ ಯೋಜನೆ ಶುರುವಾಗಿ ದಶಕಗಳ ಕಾಲ ನಡೆಯಿತು. ಇಂಥವರು ಸಾಮಾನ್ಯವಾಗಿ ಎರಡು ಮೂರು ವಾರ ಇದ್ದು ಹೋಗುತ್ತಾರೆ. ಕೋಳಿಯ ರೋಗ, ಹಾಲು ಕೆಡದಂತೆ ಇಡುವುದು, ಹೀಗೆ ಒಂದೇ ವಿಷಯಕ್ಕೆ ಅಷ್ಟು ದಿನ ಸಾಕಾದೀತು. ಮಣ್ಣು ನೀರಿನ ವಿಷಯಕ್ಕೆ ಸಾಲದು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಸೀಮೆಯಲ್ಲೇ, ತಳಿ ಊರಿನ ಸುತ್ತಲ ಹಳ್ಳಿಗಳಲ್ಲಿ, ಡಾ. ವನಜಾ ರಾಮಪ್ರಸಾದ್ ಅವರ ಗ್ರೀನ್ ಫೌಂಡೇಶನ್ 1990ರ ದಶಕದಲ್ಲಿ ಕೆಲಸ ಆರಂಭಿಸಿದಾಗ ಹೊಸ ಬೀಜ ಹಂಚಲಿಲ್ಲ. ಮರೆಯಾಗುತ್ತಿದ್ದ ನಾಟಿ ರಾಗಿಯ ಬೀಜಗಳನ್ನು ಮನೆಮನೆಯ ಹೆಣ್ಣುಮಕ್ಕಳಲ್ಲಿ ಕೇಳಿ ಹುಡುಕಿತು. ಬೀಜದ ಬ್ಯಾಂಕನ್ನು ಆ ಹೆಣ್ಣುಮಕ್ಕಳ ಕೈಗೇ ಒಪ್ಪಿಸಿತು. ಕೇಳಿ ಕಲಿಯುವ ತಜ್ಞರು ಇದ್ದಾರೆ ಎಂಬುದಕ್ಕೆ ಇದು ಹತ್ತಿರದ ಸಾಕ್ಷಿ.

ದೂರದ ಸಾಕ್ಷಿ ನಮ್ಮಂಥ ಒಬ್ಬ ಯಾಜಕರದು. ಫ್ರಾನ್ಸಿನ ಯೇಸುಸಭೆಯ ಫಾದರ್ ಆನ್ರಿ ದ ಲೊಲಾನಿಯೆ ಸಭೆ ಸೇರುವ ಮುಂಚೆ ಕೃಷಿಶಾಸ್ತ್ರ ಓದಿದವರು. 1961ರಲ್ಲಿ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪಕ್ಕೆ ಹೋದರು, 1995ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ರೈತರೊಂದಿಗೇ ದುಡಿದರು. ಅಲ್ಲಿಯವರಿಗೂ ಮೂರು ಹೊತ್ತೂ ಅನ್ನವೇ. ಫಾದರ್ ಮೊದಲು ಗದ್ದೆಗದ್ದೆ ತಿರುಗಿ ನೋಡಿದರು. ಕೆಲವು ರೈತರು ಗುಂಪಾಗಿ ನೆಡದೆ ಒಂದೊಂದೇ ಪೈರು ನೆಡುತ್ತಿದ್ದರು. ಇನ್ನು ಕೆಲವರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸುತ್ತಿರಲಿಲ್ಲ. ಇದನ್ನೆಲ್ಲ ಅವರು ತಮ್ಮ ಕೃಷಿ ಶಾಲೆಯ ಹುಡುಗರೊಂದಿಗೆ ಮಾಡಿ ನೋಡಿದರು. 1983ರಲ್ಲಿ ಮಳೆಯ ತೊಂದರೆಯಿಂದ ಹದಿನೈದೇ ದಿನದ ಎಳೆಯ ಪೈರನ್ನು ಕಿತ್ತು ನೆಡಬೇಕಾಯಿತು. ಸತ್ತೇ ಹೋಯಿತು ಎಂದುಕೊಂಡಿದ್ದ ಪೈರು ಹಿಂದೆಂದೂ ಕಾಣದಷ್ಟು ತೆಂಡೆ ಒಡೆಯಿತು.

ಹೀಗೆ ಹುಟ್ಟಿದ್ದೇ ಇಂದು 'ಶ್ರೀ ಪದ್ಧತಿ' ಎನ್ನುವ ಬೇಸಾಯ. ತಮಿಳಿನಲ್ಲಿ ಇದಕ್ಕೆ ಒಟ್ರೈ ನಾಟ್ರು ನಡವು ಎನ್ನುತ್ತಾರೆ. 8ರಿಂದ 15 ದಿನದ, ಎರಡು ಎಲೆಯ ಪೈರನ್ನು ಬೇರಿನ ಮಣ್ಣು ಉದುರದಂತೆ ಎತ್ತಿ, ಕಿತ್ತ ಕೂಡಲೇ, ಮುಕ್ಕಾಲು ಅಡಿಗಿಂತ ತುಸು ಹೆಚ್ಚು ಅಂತರದ ಚೌಕದಲ್ಲಿ ಒಂದೊಂದೇ ನೆಡಬೇಕು. ಎಕರೆಗೆ ಎರಡು ಮೂರು ಕಿಲೋ ಬಿತ್ತನೆ ಸಾಕು. ನೆಲ ಒದ್ದೆಯಾಗಿದ್ದರೆ ಆಯಿತು. ಕೂದಲೆಳೆಯಷ್ಟು ಬಿರುಕು ಬಿಟ್ಟಾಗ ಮತ್ತೆ ನೀರು ಕಟ್ಟಬೇಕು. ಬೇರಿಗೂ ಉಸಿರು ಬೇಕು, ನಿಂತ ನೀರಿನಲ್ಲಿ ಅದು ಕಂದಿ ಕೊಳೆಯುತ್ತದೆ. ಪೈರು ಎಳೆಯದಿರುವಾಗಲೇ ನೆಟ್ಟರೆ ತೆಂಡೆ ಒಡೆಯುವ ಶಕ್ತಿ ಉಳಿಯುತ್ತದೆ. ನೀರು ನಿಲ್ಲದ ಕಡೆ ಕಳೆ ಜಾಸ್ತಿ. ಅದಕ್ಕೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಕೋನೋವೀಡರ್ ಎಂಬ ಉರುಳೆ ಯಂತ್ರ ತಳ್ಳಬೇಕು. ಇದರಿಂದ ಕಳೆ ಅಲ್ಲೇ ಗೊಬ್ಬರವಾಗುತ್ತದೆ, ಮಣ್ಣಿಗೆ ಗಾಳಿಯೂ ಆಡುತ್ತದೆ. ದಿನವಿಡೀ ಬಗ್ಗಿ ಕಳೆ ಕೀಳುವ ತಾಯಂದಿರ ಸೊಂಟಕ್ಕೂ ಇದು ಒಳ್ಳೆಯದು.

ನಮ್ಮ ರಾಜ್ಯದಲ್ಲಿ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ 2000ರಲ್ಲಿ ಇದನ್ನು ಪರೀಕ್ಷೆಗೆ ತೆಗೆದುಕೊಂಡಿತು. 2003ರಲ್ಲಿ ಕಾವೇರಿ, ತಾಮಿರಬರಣಿ ಬಯಲುಗಳ ರೈತರ ಗದ್ದೆಗಳಲ್ಲೇ ಮಾಡಿ ತೋರಿಸಿತು. ಇಳುವರಿ ಎಷ್ಟು ಹೆಚ್ಚುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ಜಗಳವೇ ನಡೆದಿದೆ. ಬೀಜ, ನೀರು ಉಳಿಯುವುದನ್ನಂತೂ ಕಣ್ಣಾರೆ ಕಾಣಬಹುದು.

ಇನ್ನು ಕಷ್ಟದ ಮಾತನ್ನೂ ಹೇಳಬೇಕು. ಆ ಮಡಗಾಸ್ಕರಿನಲ್ಲೇ ಈ ಪದ್ಧತಿ ಕಲಿತ ಬಡ ರೈತರಲ್ಲಿ ಎಷ್ಟೋ ಮಂದಿ ಎರಡು ಮೂರು ವರ್ಷದಲ್ಲಿ ಬಿಟ್ಟರು. ಅವರಿಗೆ ಬುದ್ಧಿ ಇರಲಿಲ್ಲವೆಂದಲ್ಲ. ಎಳೆಯ ಪೈರು ನೆಡಲು, ಕಳೆ ತೆಗೆಯಲು ಕೈಗಳು ಹೆಚ್ಚು ಬೇಕು. ಅದೇ ಹೊತ್ತಿಗೆ ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ, ಅವರು ಪರರ ಗದ್ದೆಗೆ ಕೂಲಿಗೆ ಹೋಗಲೇಬೇಕು. ತಮ್ಮ ಗದ್ದೆ ಕಾಯಬೇಕಾಗುತ್ತದೆ. ಹೊಸೂರಿನ ಕಾರ್ಖಾನೆಗಳಿಗೆ ಮಕ್ಕಳು ಹೋದ ಮೇಲೆ ಮುದುಕರಿಬ್ಬರೇ ಉಳಿದ ನಮ್ಮ ಮನೆಗಳು ಇದನ್ನು ಯೋಚಿಸಬೇಕು.

ನೀರಿನದೂ ಒಂದು ಲೆಕ್ಕವಿದೆ. ಸ್ವಂತ ಬಾವಿ, ಬೋರ್‌ವೆಲ್ ಇದ್ದವರಿಗೆ ಬೇಕಾದಾಗ ಕಟ್ಟುವುದು, ಬಸಿಯುವುದು ಸುಲಭ. ಕೃಷ್ಣಗಿರಿ ಅಣೆಯ ಕಾಲುವೆಯಲ್ಲೋ ಕೆರೆಯ ಕೆಳಗೋ ಸರದಿಯ ನೀರು ನಂಬಿದವರಿಗೆ, ಮೇಲಿನ ಗದ್ದೆಯ ನೀರು ತಾನಾಗಿ ಇಳಿದು ಬರುವವರಿಗೆ, ಅಷ್ಟು ಸುಲಭವಲ್ಲ. ನೆರೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು.

ಗದ್ದೆಯೇ ಇಲ್ಲದ ರಾಗಿಯವರು ಬೇಸರಪಡಬೇಡಿ. ಹಾವೇರಿ ಕಡೆಯ ರೈತರು ಬಹುಕಾಲದಿಂದ ಮಾಡುವ ಗುಳಿ ರಾಗಿಯೂ ಹೆಚ್ಚುಕಡಿಮೆ ಇದೇ: ದೂರದೂರ ಗುಳಿ, ಗುಳಿಗೆ ಹಿಡಿ ಗೊಬ್ಬರ, ಎರಡೇ ಪೈರು. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

ಇಷ್ಟನ್ನೂ ಆ ಹಿರಿಯರಿಗೆ ಹೇಳಿದೆವು. ಇಡೀ ಗದ್ದೆಗೆ ಕೈ ಹಾಕಬೇಡಿ, ಐದು ಸೆಂಟ್ ಮಾತ್ರ ಬೇರೆ ಇಡಿ, ಹಳೆಯ ನಾಟಿಯ ಪಕ್ಕದಲ್ಲೇ ಇರಲಿ, ಎರಡನ್ನೂ ಬೇರೆಬೇರೆ ಒಕ್ಕಿ ಅಳೆಯಿರಿ, ಕೂಲಿಯ ಲೆಕ್ಕವನ್ನೂ ಬರೆದಿಡಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾವಿ ಹತ್ತಿರದ ಮಡಿ ಆಗಬಹುದು ಸ್ವಾಮಿ, ಆದರೆ ಆ ಉರುಳೆ ಯಂತ್ರ ಯಾರ ಹತ್ತಿರ ಇದೆ?" ಎಂದರು. ಯಂತ್ರ ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ನಮಗೆ ತಿಳಿಸಿ.