ಮಣಿಸರದ ಹಗೆ

ಸಾರವಾಡದ ಕಡೆ ಕುರಿಹಟ್ಟಿ ಕಾಯುವ ನಾಯಿಗೆ ಜಾಲಿಮುಳ್ಳು ನೆಟ್ಟರೆ ಅದನ್ನು ನಾವು ಗಾಯವೆಂದೇ ಎಣಿಸುವುದಿಲ್ಲ. ಆದರೆ ನಾಯಿಯ ಚರ್ಮದಲ್ಲಿಯೂ ಗಂಟಲಿನಲ್ಲಿಯೂ ಸ್ಟ್ರೆಪ್ಟೊಕಾಕಸ್ ಕ್ಯಾನಿಸ್ ಎಂಬ ಏಕಾಣುಜೀವಿ ಮಣಿಸರದಂತೆ ಕೂಡಿಕೊಂಡು ಸಾಮಾನ್ಯವಾಗಿ ನಿರುಪದ್ರವಿಯಾಗಿ ನೆಲಸಿರುತ್ತದೆ. ಗಾಯದೊಳಹೊಕ್ಕಾಗ, ಅಪರೂಪಕ್ಕೆ, ಸ್ನಾಯುಗಳ ಮೇಲಿನ ಪೊರೆಯನ್ನು ಕೊಳೆಯಿಸುತ್ತ ವೇಗವಾಗಿ ಹರಡುತ್ತದೆ. ಹೊರಗೆ ಕಾಣುವ ಗಾಯ ಸಣ್ಣದು, ನೋವು ಮಾತ್ರ ವಿಪರೀತ; ಜ್ವರವೇರಿ, ರಕ್ತದೊತ್ತಡ ಕುಸಿದು, ಒಂದೆರಡು ದಿನಗಳಲ್ಲಿಯೇ ಸಾವು ಬರಬಹುದು.

ವಿಚಿತ್ರವೆಂದರೆ, ಔಷಧವೂ ಇಲ್ಲಿ ಹಗೆಯಾಗಬಹುದು. ಎನ್ರೊಫ್ಲಾಕ್ಸಸಿನ್ ಈ ಜೀವಿಯೊಳಗೆ ಅಡಗಿದ ವೈರಸ್ಸನ್ನು ಕೆರಳಿಸಿ, ದೇಹದ ರಕ್ಷಣಾಕಣಗಳನ್ನು ಮಿತಿಮೀರಿ ಪ್ರಚೋದಿಸುವ ಜೀನನ್ನು ಎಚ್ಚರಿಸುತ್ತದೆಂದು 2003ರಲ್ಲಿ ಕೆನಡಾದ ಸಂಶೋಧಕರು ಪ್ರಯೋಗಶಾಲೆಯಲ್ಲಿ ಕಂಡರು. ಪೆನಿಸಿಲಿನ್ ವರ್ಗಕ್ಕೆ ಅದು ಸಾಮಾನ್ಯವಾಗಿ ಮಣಿಯುತ್ತದೆ. ಆದರೂ ಕೊಳೆತ ಭಾಗವನ್ನು ಪಶುವೈದ್ಯರು ಕೂಡಲೇ ಕೊಯ್ದು ತೆಗೆಯಬೇಕು. ರಕ್ತ ಹರಿಯದ ಮಾಂಸಕ್ಕೆ ಔಷಧವೂ ತಲುಪದು.