ಟಿಕೆಟ್ಟಿನ ಗಂಟೆ, ದಾರಿಯ ಗಂಟೆ

ಮಗೂ, ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ., ನೇರ ಹಾರಿದರೆ ಹದಿನಾರು ಗಂಟೆ ಎಂದು ಮೊಬೈಲಿನಲ್ಲಿ ನೋಡಿಕೊಂಡಿದ್ದೀಯ. ಎರಡೂ ಸುಳ್ಳಲ್ಲ. ಆದರೆ ಅವೆರಡನ್ನೇ ನೆಚ್ಚಿಕೊಂಡು ಟಿಕೆಟ್ ತೆಗೆಯಬೇಡ.

ಆ ದೂರ ಭೂಗೋಳದ ಮೇಲಿನ ಅತಿ ಹತ್ತಿರದ ಗೆರೆ. ಗೋಡೆಯ ಭೂಪಟ ನೋಡಿದರೆ ಮಹಾಸಾಗರ ದಾಟಬೇಕೇನೋ ಅನ್ನಿಸುತ್ತದೆ. ಗೋಳದ ಮೇಲೆ ದಾರ ಬಿಗಿಹಿಡಿದು ನೋಡು, ಉತ್ತರ ಧ್ರುವದ ಕಡೆಗೇ ಬಾಗಿ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗ ಮಹಿಳಾ ಪೈಲಟ್‌ಗಳು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದದ್ದು ಧ್ರುವದ ದಾರಿಯಲ್ಲೇ. ನಿನ್ನಂಥ ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕು.

ಆದರೆ ವಿಮಾನ ಯಾವಾಗಲೂ ಆ ಗೆರೆ ಹಿಡಿದೇ ಹೋಗುವುದಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಎತ್ತರದ ಜೆಟ್ ಗಾಳಿಯಿಂದಾಗಿ ಲಂಡನ್ನಿಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದು ಸುಮಾರು ಒಂದು ಗಂಟೆ ಬೇಗ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹಾರುವ ನಮ್ಮ ವಿಮಾನಗಳು ಸುತ್ತಿ ಹೋಗಬೇಕಾಯಿತು.

ಹೆಚ್ಚು ಎಡವುವುದು ಗಡಿಯಾರದಲ್ಲಿ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಸ್ಯಾನ್‌ಫ್ರಾನ್ಸಿಸ್ಕೋದ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಬೇಸಿಗೆಯಾಗಿದ್ದಾಗ ಶನಿವಾರ ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟು ಹದಿನಾರು ಗಂಟೆ ಹಾರಿದರೆ ಅಲ್ಲಿ ಇಳಿಯುವುದು ಅದೇ ಶನಿವಾರ ಸಂಜೆ ಐದೂವರೆಗೆ. ಬರುವಾಗ ಲೆಕ್ಕ ತಿರುವುಮುರುವು. ಶನಿವಾರ ರಾತ್ರಿ ಎಂಟಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರಿನಲ್ಲಿ ಸೋಮವಾರ ನಸುಕಿನ ಎರಡು. ಮನೆಯಲ್ಲಿ ಭಾನುವಾರ ಮುಹೂರ್ತವಿದ್ದರೆ ಕೈತಪ್ಪಿತೆಂದೇ ಲೆಕ್ಕ. ರಜೆ ಕೇಳುವ ಮೊದಲು ಇದನ್ನು ಕಾಗದದ ಮೇಲೆ ಕೂಡಿ ಕಳೆದು ನೋಡು.

ಇನ್ನು ನೆಲದ ಮೇಲಿನ ಹೊತ್ತು. ನಮ್ಮ ಶಿವಮೊಗ್ಗದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸುಮಾರು 300 ಕಿ.ಮೀ. ಮಾತ್ರ, ಆದರೂ ಬಸ್ಸಿಗೆ ಏಳೆಂಟು ಗಂಟೆ ಬೇಕು. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಮುಂದಿನ 35 ಕಿ.ಮೀ. ಟ್ರಾಫಿಕ್ಕಿನಲ್ಲಿ ಎರಡು ಗಂಟೆ ನುಂಗಬಹುದು. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಹಿಂದಿನ ದಿನವೇ ಬೆಂಗಳೂರಿಗೆ ಬಂದು ತಂಗು, ಖರ್ಚಾದರೂ ಚಿಂತೆಯಿಲ್ಲ.

ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿರಲಿ. ಅಗ್ಗವೆಂದು ಬೇರೆ ಬೇರೆ ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಸಾಮಾನ್ಯವಾಗಿ ಯಾರೂ ಹೊಣೆ ಹೊರುವುದಿಲ್ಲ. ಪರದೇಶದಲ್ಲಿ ಒಬ್ಬಳೇ ನಿಂತು ಹೊಸ ಟಿಕೆಟ್ ಕೊಳ್ಳಬೇಕಾದೀತು. ಬದಲಿಸಲು ಒಂದೂವರೆ ಗಂಟೆ ಸಾಕು ಎನ್ನುವವರ ಮಾತು ಕೇಳಬೇಡ. ಮೊದಲ ಸಲ ಹೋಗುವವಳಿಗೆ ಮೂರು ಗಂಟೆಯಾದರೂ ಬೇಕು.

ನೀನು ವಿಮಾನದಲ್ಲಿ ನಿದ್ದೆ ಹೋಗುತ್ತೀಯ. ಅಮ್ಮ ಇಲ್ಲಿ ಎದ್ದು ಕೂತಿರುತ್ತಾಳೆ. ನೀನು ಇಳಿಯುವಾಗ ನಮ್ಮೂರಲ್ಲಿ ಯಾವ ದಿನ, ಎಷ್ಟು ಗಂಟೆ ಎಂಬುದನ್ನು ಬರೆದುಕೊಟ್ಟು ಹೊರಡು. ಒಂದೆರಡು ಗಂಟೆ ತಡವಾದರೂ ಗಾಬರಿ ಬೇಡ ಎಂದು ಹೇಳಿ ಹೋಗು.