ಷೇರ್ ಆಟೋ ಪ್ರಯಾಣಿಕರ ವಿಮೆ ಮತ್ತು ವಾಹನ ಮಾಲೀಕರ ಹೊಣೆಗಾರಿಕೆ

ದಾವಣಗೆರೆ ಮತ್ತು ಹರಿಹರ ನಗರಗಳ ನಡುವಣ ಅಂತರ ಸುಮಾರು 14 ಕಿಲೋಮೀಟರ್. ಹೆಸರಿಗೆ ಎರಡು ಊರುಗಳಾದರೂ ವ್ಯವಹಾರದ ದೃಷ್ಟಿಯಿಂದ ಇವೆರಡೂ ಒಂದೇ ಪೇಟೆ ಎಂದರೆ ತಪ್ಪಾಗಲಾರದು. ಹರಿಹರ ಭಾಗದ ರೈತರು ದಾವಣಗೆರೆಯ ಕೃಷಿ ಉತ್ಪನ್ನ ಮಾರುಕಟ್ಟೆಗೆ ಬರುತ್ತಾರೆ. ತುಂಗಭದ್ರೆಯಾಚೆಯ ಕುಮಾರಪಟ್ಟಣದ ಕಾರ್ಖಾನೆಗೆ ಇತ್ತಣಿಂದ ಕಾರ್ಮಿಕರು ಹೋಗುತ್ತಾರೆ. ಕಾಲೇಜು ಮತ್ತು ಆಸ್ಪತ್ರೆಗಳಿಗಾಗಿ ಓಡಾಡುವವರು ಬೇರೆ. ಬಸ್ಸುಗಳಿದ್ದರೂ ಹೊತ್ತಿಗೆ ಸರಿಯಾಗಿ ಸಿಕ್ಕದ ಕಡೆ ಷೇರ್ ಆಟೋ, ಅಪೆ, ಕ್ರೂಸರ್, ಕೆಲವೊಮ್ಮೆ ಸರಕಿನ ಟಾಟಾ ಏಸ್ ಕೂಡ ಜನರನ್ನು ಹೊತ್ತು ಪಿ.ಬಿ. ರಸ್ತೆಯಲ್ಲಿ ಸಾಗುತ್ತವೆ. ಇಂತಹ ವಾಹನಗಳ ಮಾಲೀಕರಲ್ಲಿ ಸಣ್ಣ ವರ್ತಕರೂ ಇದ್ದಾರೆ, ಅವುಗಳನ್ನು ಬಾಡಿಗೆಗೆ ಪಡೆಯುವ ಉದ್ಯಮಿಗಳೂ ಇದ್ದಾರೆ.

ಅಪಘಾತವಾದಾಗ ಇವರೆಲ್ಲರ ಬಾಯಲ್ಲಿ ಬರುವ ಮೊದಲ ಮಾತು "ಇನ್ಶೂರೆನ್ಸ್ ಇದೆಯಲ್ಲ" ಎಂಬುದು. ಈ ಮಾತು ಅರ್ಧ ಸತ್ಯ. ಪಾಲಿಸಿ ಚಾಲ್ತಿಯಲ್ಲಿದ್ದರೂ ಪರಿಹಾರದ ಹಣ ಅಂತಿಮವಾಗಿ ಮಾಲೀಕನ ಮನೆ, ಅಂಗಡಿಗಳಿಂದಲೇ ವಸೂಲಾಗುವ ಸಂದರ್ಭಗಳು ಹಲವಿವೆ.

1988ರ ಮೋಟಾರು ವಾಹನಗಳ ಅಧಿನಿಯಮದ 146ನೇ ಕಲಮಿನಂತೆ ಮೂರನೆಯವರ ಹೊಣೆಗಾರಿಕೆಯ ವಿಮೆ ಇಲ್ಲದೆ ಯಾವ ವಾಹನವೂ ಸಾರ್ವಜನಿಕ ಸ್ಥಳದಲ್ಲಿ ಸಂಚರಿಸುವಂತಿಲ್ಲ. ಆ ವಿಮೆ ಯಾರನ್ನು ಒಳಗೊಳ್ಳಬೇಕು ಎಂಬುದನ್ನು 147ನೇ ಕಲಮು ಹೇಳುತ್ತದೆ. ಪರವಾನಗಿ ಪಡೆದ ಪ್ರಯಾಣಿಕರ ವಾಹನದಲ್ಲಿ ಕುಳಿತವರು ಅದರೊಳಗೆ ಬರುತ್ತಾರೆ. ಆದರೆ ಪ್ರಯಾಣಿಕರ ವಾಹನಗಳ ವಿಮಾ ಕಂತು ಎರಡು ಭಾಗಗಳಲ್ಲಿ ಲೆಕ್ಕವಾಗುತ್ತದೆಂಬುದನ್ನು ಬಹುಮಂದಿ ಗಮನಿಸಿರುವುದಿಲ್ಲ: ವಾಹನಕ್ಕೊಂದು ಮೂಲ ಕಂತು, ಅದರ ಮೇಲೆ ನೋಂದಾಯಿತ ಆಸನವೊಂದಕ್ಕೆ ಇಷ್ಟು ಎಂಬ ಹೆಚ್ಚುವರಿ ಕಂತು. ಮೂರು ಪ್ರಯಾಣಿಕರ ಆಟೋಗೆ ಮೂರು ಆಸನಗಳ ಹಣವನ್ನಷ್ಟೇ ಕಟ್ಟಲಾಗಿರುತ್ತದೆ. ನಾಲ್ಕನೆಯ ಪ್ರಯಾಣಿಕನಿಗಾಗಿ ಕಂಪನಿಗೆ ಒಂದು ಪೈಸೆಯೂ ಸಂದಿರುವುದಿಲ್ಲ.

ಈ ಲೆಕ್ಕದ ಪರಿಣಾಮವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಬಸ್ಸೊಂದರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 42 ಮಂದಿಗೆ ಅನುಮತಿಯಿದ್ದ ಆ ಬಸ್ಸಿನಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿ ಜನರಿದ್ದರು. ವಿಮಾ ಕಂಪನಿಯ ಹೊಣೆ 42 ಮಂದಿಗೆ ಮಾತ್ರ ಸೀಮಿತ ಎಂದ ನ್ಯಾಯಾಲಯ, ಆ 42 ಮಂದಿ ಯಾರೆಂದು ಆರಿಸುವುದು ಅಸಾಧ್ಯವಾದ್ದರಿಂದ ಒಂದು ವಿಧಾನವನ್ನು ರೂಪಿಸಿತು. ಅತಿ ಹೆಚ್ಚು ಮೊತ್ತದ 42 ಪರಿಹಾರಗಳನ್ನು ಕೂಡಿಸಿ ಕಂಪನಿ ಠೇವಣಿ ಇಡಬೇಕು. ಆ ಹಣವನ್ನು ಎಲ್ಲ ಅರ್ಜಿದಾರರಿಗೂ ಅವರವರ ಪರಿಹಾರದ ಪ್ರಮಾಣದಲ್ಲಿ ಹಂಚಬೇಕು. ಉಳಿದದ್ದನ್ನು ಮಾಲೀಕನಿಂದ ಪಡೆಯಬೇಕು.

ಇದನ್ನು ನಮ್ಮ ಭಾಗದ ಆಟೋಗೆ ಅನ್ವಯಿಸಿ ನೋಡಬಹುದು. ಮೂರು ಆಸನಗಳ ಆಟೋವೊಂದು ಆರು ಮಂದಿಯನ್ನು ಕೂರಿಸಿಕೊಂಡು ದೊಡ್ಡಬಾತಿಯ ಬಳಿ ಮಗುಚಿತೆಂದು ಭಾವಿಸಿ. ನ್ಯಾಯಮಂಡಳಿ ಅವರಿಗೆ ಕ್ರಮವಾಗಿ 8 ಲಕ್ಷ, 5 ಲಕ್ಷ, 3 ಲಕ್ಷ, ಒಂದೂವರೆ ಲಕ್ಷ, 1 ಲಕ್ಷ ಮತ್ತು 50 ಸಾವಿರ ರೂಪಾಯಿ ಪರಿಹಾರ ನಿಗದಿಪಡಿಸಿತು. ಒಟ್ಟು 19 ಲಕ್ಷ. ಕಂಪನಿಯ ಹೊಣೆ ಮೊದಲ ಮೂರರ ಮೊತ್ತವಾದ 16 ಲಕ್ಷ. ಹಂಚಿಕೆಯಾದಾಗ 8 ಲಕ್ಷ ಬರಬೇಕಾದವನಿಗೆ ಸುಮಾರು 6 ಲಕ್ಷ 74 ಸಾವಿರ ದೊರೆಯುತ್ತದೆ. ಮಿಕ್ಕ ಸುಮಾರು 1 ಲಕ್ಷ 26 ಸಾವಿರಕ್ಕೆ ಅವನು ಆಟೋ ಮಾಲೀಕನ ಬೆನ್ನು ಹತ್ತಬೇಕು. 2011ರ ಮತ್ತೊಂದು ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಾಯಾಳುಗಳಿಗೆ ಹೆಚ್ಚು ಅನುಕೂಲವಾದ ಮಾರ್ಗವನ್ನು ಹಿಡಿದು, ಕಂಪನಿ ಮೊದಲು ಪೂರ್ಣ ಹಣವನ್ನು ತುಂಬಿ ತನ್ನ ಹೊಣೆಗೆ ಮೀರಿದ್ದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಪ್ರಯಾಣಿಕನಿಗೆ ಎರಡು ತೀರ್ಪುಗಳ ನಡುವೆ ವ್ಯತ್ಯಾಸ ದೊಡ್ಡದು. ಮಾಲೀಕನಿಗೆ ಮಾತ್ರ ಎರಡರಲ್ಲೂ ಬೀಳುವ ಹೊರೆ 3 ಲಕ್ಷವೇ. ಹೆಚ್ಚುವರಿ ಮೂವರಿಂದ ದಿನವೂ ಸಿಗುವ ಬಾಡಿಗೆಯನ್ನು ಈ 3 ಲಕ್ಷದ ಎದುರಿಗಿಟ್ಟು ತೂಗುವುದು ವ್ಯಾಪಾರಿ ಮನೋಧರ್ಮದವರಿಗೆ ಕಷ್ಟವೇನಲ್ಲ.

ಮೊದಲು ಪಾವತಿ, ಆಮೇಲೆ ವಸೂಲಿ

ಚಾಲಕನ ಬಳಿ ಸೂಕ್ತ ಲೈಸೆನ್ಸ್ ಇಲ್ಲದಿರುವುದು, ವಾಹನಕ್ಕೆ ಪರ್ಮಿಟ್ ಇಲ್ಲದಿರುವುದು ಮುಂತಾದವು ಪಾಲಿಸಿಯ ಷರತ್ತಿನ ಉಲ್ಲಂಘನೆಗಳು. ಇವುಗಳನ್ನು ಮುಂದಿಟ್ಟು ಕಂಪನಿಗಳು ಹೊಣೆಯಿಂದ ಜಾರಿಕೊಳ್ಳಲು ಯತ್ನಿಸುವುದು ಸಾಮಾನ್ಯ. ಲೈಸೆನ್ಸ್ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠವು 2004ರಲ್ಲಿ, ಉಲ್ಲಂಘನೆಗೆ ಮಾಲೀಕನ ಉದ್ದೇಶ ಅಥವಾ ನಿರ್ಲಕ್ಷ್ಯ ಕಾರಣವೆಂದು ಕಂಪನಿಯೇ ರುಜುವಾತುಪಡಿಸಬೇಕು ಎಂದಿತು. ಪರ್ಮಿಟ್ ಇಲ್ಲದಿರುವುದು ಮೂಲಭೂತ ಉಲ್ಲಂಘನೆ ಎಂದು 2018ರಲ್ಲಿ ಹೇಳಿದರೂ, ಸಂತ್ರಸ್ತನಿಗೆ ಕಂಪನಿಯೇ ಮೊದಲು ಹಣ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿಯಿತು. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಪೂರ್ಣಪೀಠವೂ 2020ರಲ್ಲಿ ಈ ತತ್ತ್ವವನ್ನು ವಿಸ್ತಾರವಾಗಿ ಚರ್ಚಿಸಿ ಮೂರನೆಯವರ ಹಿತವನ್ನು ಕಾಯ್ದಿದೆ.

ಹೀಗೆ ಪಾವತಿಸಿದ ಹಣವನ್ನು ಮರಳಿ ಪಡೆಯಲು ಕಂಪನಿ ಪ್ರತ್ಯೇಕ ದಾವೆ ಹೂಡಬೇಕಿಲ್ಲ. ಅದೇ ನ್ಯಾಯಮಂಡಳಿಯಲ್ಲಿ ಜಾರಿ ಅರ್ಜಿ ಸಲ್ಲಿಸಿದರೆ ಸಾಕು. ಮಾಲೀಕನಿಂದ ಭದ್ರತೆ ಕೇಳಬಹುದು, ವಾಹನವನ್ನು ಜಪ್ತಿ ಮಾಡಿಸಬಹುದು. ಪ್ರಕರಣ ಮುಗಿಯಿತೆಂದು ನೆಮ್ಮದಿಯಾಗಿದ್ದ ಮಾಲೀಕನಿಗೆ ವರ್ಷಗಳ ನಂತರ ನೋಟೀಸು ಬರುವುದು ಈ ದಾರಿಯಿಂದಲೇ.

ಲೈಸೆನ್ಸಿನ ಬಗ್ಗೆ ಒಂದು ಸಮಾಧಾನದ ಸಂಗತಿ ಉಂಟು. 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಇದ್ದವನು ಪ್ರತ್ಯೇಕ ಸಾರಿಗೆ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪಿತ್ತಿದೆ. ಕಂಪನಿಗಳ ಬಹುಕಾಲದ ಆಕ್ಷೇಪವೊಂದು ಇದರಿಂದ ತೆರೆ ಕಂಡಿತು.

ಸರಕಿನ ವಾಹನದಲ್ಲಿ ಜನರು

ಮಾರುಕಟ್ಟೆ ಪ್ರಾಂಗಣದ ವರ್ತಕರು ವಿಶೇಷವಾಗಿ ಗಮನಿಸಬೇಕಾದ ವಿಷಯವಿದು. ಮೆಕ್ಕೆಜೋಳದ ಚೀಲಗಳೊಂದಿಗೆ ಟಾಟಾ ಏಸ್‌ನಲ್ಲಿ ಬರುವ ರೈತನಿಗೆ ಅಥವಾ ಅವನು ಕಳುಹಿಸಿದ ಪ್ರತಿನಿಧಿಗೆ 1994ರ ತಿದ್ದುಪಡಿಯ ನಂತರ ವಿಮೆಯ ರಕ್ಷಣೆ ಇದೆ. ಅದೇ ಚೀಲಗಳ ಮೇಲೆ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಕುಳಿತ ಊರಿನವನಿಗೆ ಇಲ್ಲ. ಸರಕು ವಾಹನದಲ್ಲಿ ಹೋಗುವ ಪ್ರಯಾಣಿಕರಿಗೆ ಕಂಪನಿ ಹೊಣೆಯಲ್ಲವೆಂದು 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಖಚಿತಪಡಿಸಿತು. ಸರಕು ಇಳಿಸಿ ಖಾಲಿ ವಾಹನದಲ್ಲಿ ಊರಿಗೆ ಮರಳುವ ರೈತನ ವಿಷಯದಲ್ಲಂತೂ ವಿವಾದ ಏಳುವುದುಂಟು. ಮದುವೆ ದಿಬ್ಬಣ, ಜಾತ್ರೆಗಳಿಗೆ ಟ್ರ್ಯಾಕ್ಟರ್ ಟ್ರೈಲರ್ ಕಟ್ಟಿಕೊಂಡು ಹೊರಡುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಕರ್ನಾಟಕದಿಂದಲೇ ಹೋದ ಟ್ರ್ಯಾಕ್ಟರ್ ಪ್ರಕರಣವೊಂದರಲ್ಲಿ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಂಪನಿಗೆ ಹೊಣೆಯಿಲ್ಲವೆಂದು ಒಪ್ಪಿಕೊಂಡೇ, ಗಾಯಾಳುವಿಗೆ ಮೊದಲು ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಿತು. ಪ್ರತಿಯೊಂದು ಪ್ರಕರಣದಲ್ಲೂ ಇಂತಹ ಕೃಪೆ ದೊರೆಯುವುದೆಂದು ನಂಬಿ ಕೂರುವಂತಿಲ್ಲ.

ಬಿಳಿ ಫಲಕದ ಸ್ವಂತ ಕಾರಿನಲ್ಲಿ ನಾಲ್ವರನ್ನು ಕೂರಿಸಿ ತಲೆಗಿಷ್ಟೆಂದು ಹಣ ಪಡೆಯುವುದೂ ಇದೇ ಸಾಲಿಗೆ ಸೇರುತ್ತದೆ. ಖಾಸಗಿ ಕಾರಿನ ಬರೀ ಹೊಣೆಗಾರಿಕೆ ಪಾಲಿಸಿ ಕಾರಿನೊಳಗಿನವರನ್ನು ಒಳಗೊಳ್ಳುವುದಿಲ್ಲ. ಪ್ಯಾಕೇಜ್ ಪಾಲಿಸಿ ಒಳಗೊಳ್ಳುತ್ತದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2009ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಅದರಲ್ಲಿಯೂ ಬಾಡಿಗೆಗೆ ಬಳಸಬಾರದೆಂಬ ಷರತ್ತು ಅಚ್ಚಾಗಿರುತ್ತದೆ. ಮೊಬೈಲ್ ಆ್ಯಪ್ ಮೂಲಕ ಕರೆದ ವಾಹನಕ್ಕೂ ಚಾಲಕ, ಮಾಲೀಕ, ವಿಮಾ ಕಂಪನಿ ಎಂಬ ಈ ಮೂವರೇ ಮೊದಲ ಹೊಣೆಗಾರರು. 2019ರ ತಿದ್ದುಪಡಿಯು ಆ್ಯಪ್ ಕಂಪನಿಗಳನ್ನು ಲೈಸೆನ್ಸ್ ವ್ಯವಸ್ಥೆಯೊಳಗೆ ತಂದಿದೆಯಾದರೂ, ಅದರಿಂದಷ್ಟೇ ವಾಹನ ಮಾಲೀಕನ ಹೊರೆ ಇಳಿಯುವುದಿಲ್ಲ.

ಇನ್ನು ವಾಹನ ಮಾರಿದವರ ಪಾಡು. ಛಾಪಾ ಕಾಗದದಲ್ಲಿ ಬರೆದುಕೊಟ್ಟು ಹಣ ಎಣಿಸಿಕೊಂಡು, ಸಾರಿಗೆ ಕಚೇರಿಯಲ್ಲಿ ಹೆಸರು ಬದಲಾಯಿಸದೆ ಬಿಟ್ಟವರು ಎಷ್ಟೋ ಮಂದಿ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನಡುವೆ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಕೊಂಡವನು ವಿಮೆ ನವೀಕರಿಸದಿದ್ದರೆ ಪೂರ್ಣ ಪರಿಹಾರ ಮಾರಿದವನ ತಲೆಯ ಮೇಲೆ ಬರುತ್ತದೆ.

ಕಾರ್ಮಿಕರನ್ನು ಕರೆತರಲು ಬಾಡಿಗೆ ವಾಹನ ಗೊತ್ತುಮಾಡುವ ಉದ್ಯಮಿಗಳು ಪರ್ಮಿಟ್, ಆಸನ ಸಂಖ್ಯೆ ಮತ್ತು ಪಾಲಿಸಿಯ ಪ್ರತಿಗಳನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಒಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ, ಮನೆ ಮತ್ತು ಕೆಲಸದ ಸ್ಥಳಗಳ ನಡುವಣ ಪ್ರಯಾಣದಲ್ಲಿ ಆದ ಅಪಘಾತವೂ ಉದ್ಯೋಗದೊಂದಿಗೆ ಸಂಬಂಧ ಹೊಂದಿದ್ದರೆ ಉದ್ಯೋಗಜನ್ಯವೆನಿಸುತ್ತದೆ.

ಗಾಯಗೊಂಡವರ ಕಡೆಯಿಂದ ನೋಡಿದರೆ ಕಾಲವೇ ಮುಖ್ಯ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಪರಿಹಾರದ ಅರ್ಜಿಯನ್ನು ಅಪಘಾತದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಗಡುವನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಮಧ್ಯಂತರ ಆದೇಶ ನೀಡಿತು. ಹಾಗಿದ್ದರೂ ಆರು ತಿಂಗಳನ್ನೇ ಗಡುವೆಂದು ತಿಳಿಯುವುದು ಕ್ಷೇಮ. ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ 164ನೇ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯಬಹುದು. ಹೆಚ್ಚು ಬೇಕೆಂದರೆ 166ನೇ ಕಲಮಿನಡಿ ನಿರ್ಲಕ್ಷ್ಯವನ್ನು ತೋರಿಸಬೇಕು. ಆಟೋ ಮತ್ತು ಲಾರಿ ಎರಡರದೂ ತಪ್ಪಿದ್ದಲ್ಲಿ, ಪ್ರಯಾಣಿಕನು ಪೂರ್ಣ ಪರಿಹಾರವನ್ನು ಇಬ್ಬರಲ್ಲಿ ಒಬ್ಬರಿಂದಲೇ ಕೇಳಬಹುದೆಂದು 2015ರ ತೀರ್ಪು ಹೇಳುತ್ತದೆ. ಆಟೋದ ಪಾಲಿಸಿ ದುರ್ಬಲವಾಗಿದ್ದಾಗ ಲಾರಿಯ ವಿಮಾ ಕಂಪನಿಯನ್ನು ಪ್ರತಿವಾದಿಯಾಗಿ ಸೇರಿಸುವುದನ್ನು ಮರೆತರೆ ದೊಡ್ಡ ನಷ್ಟ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ನಿಗದಿತ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಗೂ ಗಾಯಾಳು ಅರ್ಹನು.

ಹರಿಹರದ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಅಪಘಾತ ಆಚೆ ದಡದಲ್ಲಾಯಿತೆಂದು ಅಲ್ಲಿನ ನ್ಯಾಯಮಂಡಳಿಗೇ ಅಲೆಯಬೇಕಾಗಿಲ್ಲ. ಅರ್ಜಿದಾರನು ತಾನು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಸಲ್ಲಿಸಲು ಕಾನೂನು ಅವಕಾಶ ನೀಡಿದೆ.